ದೂರು ಕೊಡುವುದೂ ಪ್ರಾರ್ಥನೆಯೇ

ನಿಮ್ಮ ಪ್ರಶ್ನೆಯನ್ನು ಮೂರು ಸಲ ಓದಿದೆ. ಕೆಲಸ ಹೋಗಿ ವರ್ಷ ಆಯಿತು, ಊರಿಂದ ದೂರ ಒಬ್ಬರೇ ಇದ್ದೀರಿ. ಹುಟ್ಟಿದ್ದು ಚರ್ಚಿಗೆ ಹೋಗುವ ಮನೆಯಲ್ಲೇ, ಆದರೆ ಈಗ ಪ್ರಾರ್ಥನೆಗೆ ಕೂತರೆ ಗೋಡೆ ಜೊತೆ ಮಾತಾಡಿದ ಹಾಗೆ ಆಗುತ್ತದೆ ಅಂತ ಬರೆದಿದ್ದೀರಿ. ಕ್ರೈಸ್ತ ನಂಬಿಕೆಯಿಂದ ನಿಜಕ್ಕೂ ಯಾರಿಗಾದರೂ ಭರವಸೆ ಸಿಕ್ಕಿದೆಯಾ, ಇಲ್ಲ ಎಲ್ಲರೂ ಸುಮ್ನೆ ಹಾಗೆ ಹೇಳುತ್ತಾರಾ ಅಂತ ಕೇಳಿದ್ದೀರಿ.

ಸಿಕ್ಕಿದೆ. ಸುಮ್ನೆ ಹೇಳುವವರೂ ಇದ್ದಾರೆ. ನಾನೇ ಹತ್ತಾರು ವರ್ಷ ಸಾವಿನ ಮನೆಗಳಲ್ಲಿ ನಿಂತು "ದೇವರ ಚಿತ್ತ" ಅಂದು ಕಾಫಿ ಕುಡಿದು ಬಂದವನು. ಆ ಮಾತು ಕೇಳುವವರ ಕಿವಿಗೆ ಹೇಗೆ ಬೀಳುತ್ತದೆ ಅಂತ ಗೊತ್ತಾಗಿದ್ದು 2020ರಲ್ಲಿ.

ನಮ್ಮದು ಉಡುಪಿ ಕಡೆ. ಅಡುಗೆಮನೆಯಲ್ಲಿ ತುಳು, ದೇವರ ಹತ್ತಿರ ಕನ್ನಡ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರ ಕಾಲದಿಂದ ಬಂದ ಚರ್ಚು ಸಭೆ. ಆಗ ಕ್ರೈಸ್ತರಾದವರಿಗೆ ಮನೆ, ಜಮೀನು, ಬಂಧುಗಳು ಎಲ್ಲ ಕೈಬಿಡುತ್ತಿದ್ದವು. ಹೊಟ್ಟೆಗೆ ದಾರಿ ಬೇಕಲ್ಲ, ಮಿಷನ್‌ನವರು ಮಗ್ಗ ಹಾಕಿದರು, 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನನ್ನ ಅಪ್ಪನೂ ಹಂಚಿನ ಕೆಲಸದವರು, ಅವರ ಅಜ್ಜನೂ. ಅಪ್ಪನ ಬೆರಳುಗಳ ಸಂದಿಯಲ್ಲಿ ಕೊನೆಯವರೆಗೂ ಕೆಂಪು ಮಣ್ಣಿನ ಗೆರೆ ಇತ್ತು.

ಶುಭ ಶುಕ್ರವಾರ, ಅಂದರೆ ಗುಡ್ ಫ್ರೈಡೇ, ಮಧ್ಯಾಹ್ನ 12ರಿಂದ 3ರವರೆಗೆ ನಮ್ಮಲ್ಲಿ ದೊಡ್ಡ ಆರಾಧನೆ. ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳ ಮೇಲೆ ಏಳು ಮಂದಿ ಮಾತಾಡುತ್ತಾರೆ. ಅಪ್ಪನಿಗೆ ಪ್ರತಿವರ್ಷ ನಾಲ್ಕನೇ ಮಾತು. "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?" ಬೇರೆಯವರು ಇಪ್ಪತ್ತು ನಿಮಿಷ ಪ್ರಸಂಗ ಮಾಡಿದರೆ ಅಪ್ಪ ಎರಡೇ ನಿಮಿಷ. "ಇದು ಪ್ರಶ್ನೆ. ಇದಕ್ಕೆ ಇಲ್ಲಿ ಉತ್ತರ ಬಂದಿಲ್ಲ. ನಾವೂ ಸ್ವಲ್ಪ ಹೊತ್ತು ಉತ್ತರ ಇಲ್ಲದೆ ಕೂರೋಣ." ಅಷ್ಟು ಹೇಳಿ ಕೂತುಬಿಡುತ್ತಿದ್ದರು. ಫ್ಯಾನ್ ತಿರುಗುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಚಿಕ್ಕವನಾಗಿದ್ದಾಗ ನನಗೆ ನಾಚಿಕೆ ಆಗುತ್ತಿತ್ತು. ಅಪ್ಪನಿಗೆ ಮಾತಾಡಲು ಬರುವುದಿಲ್ಲ ಅಂದುಕೊಂಡಿದ್ದೆ.

2020ರಲ್ಲಿ ನಾನು ದುಬೈಯ ಕರಾಮಾದಲ್ಲಿ ಇದ್ದೆ. ಬೆಡ್ ಸ್ಪೇಸ್ ಅಂದರೆ ಗೊತ್ತಲ್ಲ, ಬಾಡಿಗೆಗೆ ಸಿಗುವುದು ಒಂದು ಮಂಚ ಮಾತ್ರ. ಮಾರ್ಚ್‌ನಲ್ಲಿ ನಮ್ಮ ಕಂಪನಿ ಎಲ್ಲರನ್ನೂ ಸಂಬಳ ಇಲ್ಲದ ರಜೆ ಮೇಲೆ ಹಾಕಿತು. ಆಗಿನ್ನೂ ಅಲ್ಲಿ ವಾರದ ರಜೆ ಶುಕ್ರವಾರ, ಹಾಗಾಗಿ ಚರ್ಚೂ ಶುಕ್ರವಾರವೇ. ಊದ್ ಮೇಥಾದ ಹೋಲಿ ಟ್ರಿನಿಟಿ ಆವರಣದಲ್ಲಿ ಒಂದು ಭಾಷೆಯವರ ಆರಾಧನೆ ಮುಗಿಯುವಷ್ಟರಲ್ಲಿ ಇನ್ನೊಂದು ಭಾಷೆಯವರು ಬಾಗಿಲಲ್ಲಿ ಕಾಯುತ್ತಿರುತ್ತಿದ್ದರು. ಅದೂ ಮುಚ್ಚಿತು. ಭಾರತಕ್ಕೆ ವಿಮಾನ ನಿಂತಿತು.

ಈಸ್ಟರ್ ಏಪ್ರಿಲ್ 12ಕ್ಕೆ. ಅದಾಗಿ ಎಂಟನೇ ದಿನ ಅಪ್ಪ ತೀರಿಕೊಂಡರು. ಕೊರೋನಾ ಅಲ್ಲ, ಹೃದಯ. ಅಂತ್ಯಕ್ರಿಯೆಗೆ 20 ಜನಕ್ಕಿಂತ ಜಾಸ್ತಿ ಸೇರುವಂತಿಲ್ಲ ಅಂತ ಸರ್ಕಾರದ ನಿಯಮ. ವಾಟ್ಸಾಪ್ ಕಾಲ್ ದುಬೈಯಲ್ಲಿ ಆಗ ನಡೆಯುತ್ತಿರಲಿಲ್ಲ, ಅದಕ್ಕೆ ತಮ್ಮ ಝೂಮ್ ಹಾಕಿದ. ಮುಂಬೈಯಿಂದ ಅಕ್ಕ, ದುಬೈಯಿಂದ ನಾನು. ಅಯ್ಯನವರು, ಅಂದರೆ ನಮ್ಮ ಪಾದ್ರಿ, ಬೈಬಲ್ ವಾಕ್ಯ ಓದಿದರು, ಗೀತೆ ಆಯಿತು, ಪೆಟ್ಟಿಗೆ ಎತ್ತಿದರು, ತಮ್ಮ ಫೋನ್ ಹಿಡಿದುಕೊಂಡು ಹಿಂದೆ ನಡೆದ. ಬಿಟ್ಟಿ ಝೂಮ್ 40 ನಿಮಿಷಕ್ಕೆ ತಾನಾಗಿ ನಿಲ್ಲುತ್ತದೆ. ಮಣ್ಣು ಹಾಕುವ ಮುಂಚೆ ನಿಂತಿತು.

ಮತ್ತೆ ಸೇರಿಕೊಳ್ಳಬಹುದಿತ್ತು. ತಮ್ಮನ ಕೈಯಲ್ಲಿ ಆಗ ಮಣ್ಣು ಇತ್ತು, ಫೋನ್ ಕಿಸೆಗೆ ಹೋಗಿತ್ತು.

ಆಮೇಲಿನ ದಿನಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನಿಮಗೆ ಗೊತ್ತಿರುವುದೇ. ನಿದ್ದೆ ಇಲ್ಲ, ಹಸಿವು ಇಲ್ಲ, ಬೆಳಗಾದರೆ ಯಾಕಾದರೂ ಬೆಳಗಾಯಿತೋ ಅನಿಸುವುದು. ಫೋನ್ ತುಂಬ ಬೈಬಲ್ ವಾಕ್ಯಗಳು ಬರುತ್ತಿದ್ದವು, ಹೂವಿನ ಚಿತ್ರದ ಮೇಲೆ ಬರೆದದ್ದು. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಅನ್ನುವುದನ್ನಂತೂ ಹನ್ನೊಂದು ಜನ ಕಳಿಸಿದ್ದರು. ಎಣಿಸಿದ್ದೆ. ಕಳಿಸಿದವರು ಒಳ್ಳೆಯವರೇ. ಆದರೆ ಆ ವಾಕ್ಯ ಬರೆದ, ಮೊದಲ ಕಾಲದ ಕ್ರೈಸ್ತ ಬೋಧಕ ಪೌಲನಿಗೆ ಏಟು, ಸೆರೆ, ಹಸಿವು ಎಲ್ಲ ಆಗಿತ್ತು, ಫಾರ್ವರ್ಡ್ ಮಾಡುವ ನಮಗೆ ಏನಾಗಿರುತ್ತದೆ ಹೇಳಿ. ಒಬ್ಬರು ವಿಡಿಯೋದಲ್ಲಿ, ಖಿನ್ನತೆ ಅಂದರೆ ನಂಬಿಕೆ ಕಡಿಮೆ ಅಂತ ಅರ್ಥ ಅಂದರು. ಅವತ್ತೇ ಆ ಗುಂಪಿನಿಂದ ಹೊರಗೆ ಬಂದೆ.

ನನ್ನ ಮೇಲಿನ ಮಂಚದವನು ಭಟ್ಕಳದವನು. ಎರಡು ವರ್ಷದಲ್ಲಿ ನಾವು ಆಡಿದ ಮಾತು ಏಸಿ ಎಷ್ಟಕ್ಕೆ ಇಡಬೇಕು ಅನ್ನುವುದರ ಬಗ್ಗೆ ಮಾತ್ರ. ಅಪ್ಪ ಹೋದ ವಾರವೇ ರಂಜಾನ್ ಶುರುವಾಯಿತು. ಅವನು ಇಡೀ ದಿನ ಉಪವಾಸ ಇದ್ದು, ಸಂಜೆ ತನಗೆ ಅಂತ ಮಾಡಿದ್ದರಲ್ಲಿ ಒಂದು ತಟ್ಟೆ ನನ್ನ ತಲೆಯ ಹತ್ತಿರ ಇಟ್ಟು, "ಎರಡು ತುತ್ತು ತಿನ್ನು, ಆಮೇಲೆ ಮಲಗು" ಅಂದ. ಸಮಾಧಾನ ಏನೂ ಹೇಳಲಿಲ್ಲ. ಮಾರನೇ ದಿನ ಮತ್ತೆ ಇಟ್ಟ. ಅದರ ಮಾರನೇ ದಿನವೂ.

ನಿದ್ದೆ ಬಾರದ ಆ ರಾತ್ರಿಗಳಲ್ಲಿ ಫೋನಿನಲ್ಲಿ ಬೈಬಲಿನ ಕೀರ್ತನೆಗಳನ್ನು, ಅಂದರೆ ಅದರೊಳಗಿನ ಪ್ರಾರ್ಥನೆಯ ಹಾಡುಗಳನ್ನು, ಓದಲು ಶುರು ಮಾಡಿದೆ. ಭಕ್ತಿಯಿಂದ ಅಲ್ಲ. ಅಪ್ಪ ಪ್ರತಿರಾತ್ರಿ ಒಂದು ಓದುತ್ತಿದ್ದರು, ಅವರ ದನಿ ನೆನಪಾಗುತ್ತದೆ ಅಂತ. ಒಂದರಿಂದ ಸಾಲಾಗಿ ಓದುತ್ತಾ ಹೋದಾಗ ಒಂದು ವಿಷಯ ಗಮನಕ್ಕೆ ಬಂತು. ಕನ್ನಡದಲ್ಲಿ ಈ ಪುಸ್ತಕಕ್ಕೆ ಕೀರ್ತನೆಗಳು ಅಂತ ಹೆಸರು. ಹೀಬ್ರೂ ಹೆಸರಿಗೂ ಸ್ತುತಿಗಳು ಅಂತಲೇ ಅರ್ಥ. ಹೆಸರು ನೋಡಿದರೆ ಇಡೀ ಪುಸ್ತಕ ಹೊಗಳಿಕೆ ಅನ್ನಬೇಕು. ಒಳಗೆ ನೋಡಿದರೆ 150ರಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ದೂರು, ಅಳು, ಜಗಳ. 13ನೇ ಕೀರ್ತನೆಯ ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ "ಇನ್ನೆಷ್ಟು ದಿನ" ಅನ್ನುವ ಕೇಳಿಕೆ ಇದೆ. 22ನೆಯದು ಶುರುವಾಗುವುದೇ ಅಪ್ಪನ ಆ ನಾಲ್ಕನೇ ಮಾತಿನಿಂದ. ಯೇಸು ಸಾಯುವಾಗ ಹೊಸ ಮಾತು ಹುಡುಕಲಿಲ್ಲ, ಚಿಕ್ಕಂದಿನಿಂದ ಬಾಯಿಪಾಠ ಆಗಿದ್ದ ದೂರನ್ನೇ ಹೇಳಿದ. ತಲೆತಲಾಂತರದಿಂದ ಚರ್ಚಿಗೆ ಹೋದ ಮನೆಯ ಹುಡುಗ ನಾನು, ಇದು ನನ್ನ ತಲೆಗೆ ಹೋಗಿರಲಿಲ್ಲ.

ಹೀಗೆ ಜಗಳ ಆಡುವ ಕೀರ್ತನೆಗಳೂ ಸಾಮಾನ್ಯವಾಗಿ ಕೊನೆಗೆ ತಿರುಗುತ್ತವೆ. "ಆದರೂ ನಾನು ನಿನ್ನನ್ನೇ ನಂಬಿದ್ದೇನೆ" ಅನ್ನುವ ಕಡೆ ಬರುತ್ತವೆ. 88ನೆಯದು ತಿರುಗುವುದಿಲ್ಲ. ಹೇಮಾನ ಅನ್ನುವವನ ಹೆಸರಿನಲ್ಲಿದೆ. ಹಗಲೂ ರಾತ್ರಿಯೂ ನಿನ್ನ ಮುಂದೆ ಕೂಗುತ್ತಿದ್ದೇನೆ, ಯಾಕೆ ಮುಖ ಮರೆಮಾಡಿಕೊಂಡಿದ್ದೀ, ಗೆಳೆಯರನ್ನು ದೂರ ಮಾಡಿಬಿಟ್ಟೆ ಅಂತ ಕೇಳುತ್ತಾ ಹೋಗಿ, ಕತ್ತಲೆ ಅನ್ನುವಲ್ಲಿಗೆ ನಿಲ್ಲುತ್ತದೆ. ಮುಂದೆ ಇನ್ನೊಂದು ವಚನ ಇರಬಹುದು ಅಂತ ನಾನು ಸ್ಕ್ರೀನ್ ಜಾರಿಸಿದೆ. 89 ಬಂತು.

ಯಾರೋ ಇದನ್ನು ಬರೆದರು. ಅದಕ್ಕಿಂತ ದೊಡ್ಡದು, ಯಾರೋ ಇದನ್ನು ತೆಗೆದುಹಾಕಲಿಲ್ಲ. ಇಷ್ಟು ಶತಮಾನಗಳಲ್ಲಿ ಯಾರಾದರೂ ಕೊನೆಗೆ ಒಂದು ಸಿಹಿ ಸಾಲು ಅಂಟಿಸಬಹುದಿತ್ತು ಅಲ್ವಾ? ಹಾಗೆಯೇ ಬಿಟ್ಟರು. ಬಿಟ್ಟು, ಪ್ರಾರ್ಥನೆಯ ಪುಸ್ತಕದಲ್ಲೇ ಇಟ್ಟುಕೊಂಡರು. ಹಾಗಾದರೆ ನನ್ನ ಆ ರಾತ್ರಿಯ ಬೈಗುಳಕ್ಕೂ ಅಲ್ಲಿ ಜಾಗ ಇದೆ ಅನಿಸಿತು. ನೀವು ಗೋಡೆ ಜೊತೆ ಮಾತಾಡಿದಂತೆ ಅಂದಿರಲ್ಲ, ಹೇಮಾನನಿಗೂ ಗೋಡೆಯೇ ಸಿಕ್ಕಿದ್ದು. ಅವನು ಗೋಡೆಗೇ "ನೀನು" ಅಂತ ಹೇಳುವುದನ್ನು ನಿಲ್ಲಿಸಲಿಲ್ಲ. ಬೈಯಬೇಕಾದರೂ ಎದುರಿಗೆ ಒಬ್ಬ ಇರಬೇಕು. ನನಗೆ ಮೊದಲು ಸಿಕ್ಕ ಭರವಸೆ ಇಷ್ಟೇ, ಇದಕ್ಕಿಂತ ಒಂದು ಚೂರೂ ಜಾಸ್ತಿ ಇರಲಿಲ್ಲ.

ಕನ್ನಡದವರಿಗೆ ಇದು ಹೊಸದೇನಲ್ಲ. ನಮ್ಮ ದಾಸರು ವಿಠಲನನ್ನು ತರಾಟೆಗೆ ತೆಗೆದುಕೊಂಡದ್ದಕ್ಕೆ ನಿಂದಾಸ್ತುತಿ ಅಂತ ಹೆಸರೇ ಇದೆ. ನಾವು ಕ್ರೈಸ್ತರು ಯಾಕೋ ಬಿಳಿ ಅಂಗಿ ಹಾಕಿಕೊಂಡ ದಿನ ಸಭ್ಯರಾಗಿಬಿಡುತ್ತೇವೆ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಕಥೆಯನ್ನಾದರೂ ನೆನೆಸಿಕೊಳ್ಳಿ. ಗೆಳೆಯರು ಬಂದು ಏಳು ದಿನ ಮಾತಾಡದೆ ನೆಲದ ಮೇಲೆ ಅವನ ಜೊತೆ ಕೂತರು. ಅಲ್ಲಿಯವರೆಗೆ ಸರಿ ಇತ್ತು. ಆಮೇಲೆ ಬಾಯಿ ಬಿಟ್ಟು ಉಪದೇಶ ಶುರು ಮಾಡಿದರು. ಕೊನೆಗೆ ದೇವರು ಯಾರ ಮೇಲೆ ಕೋಪ ಮಾಡಿಕೊಂಡ? ದೇವರ ಪರ ವಾದ ಮಾಡಿದ ಗೆಳೆಯರ ಮೇಲೆ. ಸರಿಯಾಗಿ ಮಾತಾಡಿದವನು ಯೋಬ ಅಂದ, ಅಷ್ಟೆಲ್ಲ ಕೂಗಾಡಿದ ಯೋಬ.

ಭಟ್ಕಳದವನ ತಟ್ಟೆಯ ಅರ್ಥ ಸ್ವಲ್ಪ ದಿನ ಬಿಟ್ಟು ಹೊಳೆಯಿತು. ಬೈಬಲಿನ ಅರಸುಗಳ ಪುಸ್ತಕದಲ್ಲಿ ಪ್ರವಾದಿ ಎಲೀಯನ ಕಥೆ ಇದೆ. ಅವನು ಜೀವ ಉಳಿಸಿಕೊಳ್ಳಲು ಅಡವಿಗೆ ಓಡಿಹೋಗಿ ಒಂದು ಗಿಡದ ಕೆಳಗೆ ಬಿದ್ದುಕೊಂಡು, ಸಾಕಪ್ಪ, ನನ್ನ ಪ್ರಾಣ ತೆಗೆದುಕೋ ಅಂತ ಕೇಳುತ್ತಾನೆ. ದೇವದೂತ ಬಂದು ಪ್ರಸಂಗ ಮಾಡುವುದಿಲ್ಲ. ರೊಟ್ಟಿ, ನೀರು ಇಟ್ಟು ಎದ್ದು ತಿನ್ನು ಅನ್ನುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ಬೈಗುಳ ಇಲ್ಲ. ಎರಡನೇ ಸಲ ಎಬ್ಬಿಸಿ, ದಾರಿ ದೂರ ಇದೆ, ಇನ್ನೊಮ್ಮೆ ತಿನ್ನು ಅನ್ನುತ್ತಾನೆ. ಈ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಮೇಲಿನ ಮಂಚದಿಂದ ಇಳಿದು ಬಂದವನನ್ನು ಗುರುತಿಸಲು ಮೂರು ವಾರ ಬೇಕಾಯಿತು. ಅವನಿಗೆ ಹೇಳಿದಾಗ ಜೋರಾಗಿ ನಕ್ಕ. ದೇವದೂತನಿಗೆ ಬಾಡಿಗೆ ಬಾಕಿ ಇದೆ ಅಂದ.

ಮೇ 2020ರಲ್ಲಿ ದುಬೈಯಿಂದ ಮಂಗಳೂರಿಗೆ ವಿಶೇಷ ವಿಮಾನಗಳು ಶುರುವಾದವು. ನನ್ನ ಸರದಿ ಬಂದು, ಕ್ವಾರಂಟೈನ್ ಮುಗಿಸಿ, ಮನೆ ಮುಟ್ಟುವ ಹೊತ್ತಿಗೆ ಮಳೆ ಹಿಡಿದಿತ್ತು. ಸಮಾಧಿಯ ಮಣ್ಣು ಕೂತು ಹೋಗಿ ಹುಲ್ಲು ಬಂದಿತ್ತು. ಒಂದು ಹಿಡಿ ಮಣ್ಣು ತೆಗೆದು ಮತ್ತೆ ಅಲ್ಲೇ ಹಾಕಿದೆ. ನನ್ನ 40 ನಿಮಿಷದ ಬಾಕಿ.

ಎಲ್ಲ ಸರಿಹೋಯಿತು ಅಂತ ತಿಳಿಯಬೇಡಿ. ನಂಬಿಕೆ ಇತ್ತು, ನಿದ್ದೆ ಇರಲಿಲ್ಲ. ಕೊನೆಗೆ ತಮ್ಮ ಎಳೆದುಕೊಂಡು ಮನೋವೈದ್ಯರ ಹತ್ತಿರ ಹೋದ. ಎಂಟು ತಿಂಗಳು ಮಾತ್ರೆ ತಿಂದೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವಾಗ ಯಾರೂ ನಂಬಿಕೆ ಅಳೆಯುವುದಿಲ್ಲ, ಇದಕ್ಕೂ ಅಳೆಯಬಾರದು. ನಿಮಗೆ ಸಾಯುವ ಯೋಚನೆ ಬರುತ್ತಿದ್ದರೆ ಈ ಉತ್ತರ ಓದುವುದನ್ನು ಇಲ್ಲಿಗೇ ನಿಲ್ಲಿಸಿ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಭಾರತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಎಲೀಯನಿಗೂ ಮೊದಲು ಸಿಕ್ಕಿದ್ದು ಊಟ ಮತ್ತು ನಿದ್ದೆ, ದೇವರ ಮೆಲುದನಿ ಕೇಳಿದ್ದು ಅದಾದ ಮೇಲೆ.

ಚರ್ಚು ತೆರೆದ ಮೇಲೂ ತುಂಬಾ ದಿನ ನನಗೆ ಹಾಡಲು ಆಗುತ್ತಿರಲಿಲ್ಲ. ಗೀತೆ ಪುಸ್ತಕ ಹಿಡಿದು ಸುಮ್ಮನೆ ನಿಲ್ಲುತ್ತಿದ್ದೆ. ಪಕ್ಕದಲ್ಲಿ ಒಬ್ಬರು ಅಜ್ಜಿ, ಶ್ರುತಿ ಇಲ್ಲ, ತಾಳ ಇಲ್ಲ, ಆದರೆ ಗಂಟಲು ಭಾರಿ. ಒಂದು ದಿನ ಹೇಳಿದರು, "ನೀನು ನಿಂತುಕೋ ಮಗಾ. ನಿನ್ನ ಪಾಲಿನದನ್ನೂ ನಾನೇ ಹಾಡುತ್ತೇನೆ." ಅದಕ್ಕೇ ಹೇಳುವುದು, ನಿಮಗೆ ನಂಬಿಕೆ ಇಲ್ಲ ಅನಿಸಿದ ವಾರವೂ ಒಂದು ಸಭೆಯಲ್ಲಿ ಹಿಂದಿನ ಬೆಂಚಿನಲ್ಲಾದರೂ ಹೋಗಿ ಕೂರಿ. ನೀವಿರುವ ಊರಲ್ಲಿ ಕನ್ನಡ ಆರಾಧನೆ ಇಲ್ಲದಿದ್ದರೆ ಯಾವ ಭಾಷೆಯದಾದರೂ ಆಗುತ್ತದೆ. ದೊಡ್ಡ ಚರ್ಚು ಬೇಡ, ಹೊಸ ಮುಖ ಬಂದರೆ ಗೊತ್ತಾಗುವಷ್ಟು ಚಿಕ್ಕದು ಹುಡುಕಿ. ಪ್ರಾರ್ಥನೆಗೆ ಮಾತು ಬರದಿದ್ದರೆ 88ನೇ ಕೀರ್ತನೆ ಓದಿ, ಗಟ್ಟಿಯಾಗಿ. ರೂಮಿನಲ್ಲಿ ಬೇರೆಯವರಿದ್ದರೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಓದಿ, ನಾನು ಹಾಗೇ ಮಾಡುತ್ತಿದ್ದೆ. ಕೊನೆಗೆ ಆಮೆನ್ ಹೇಳಲು ಮನಸ್ಸಾಗದಿದ್ದರೆ ಹೇಳಬೇಡಿ. ಹೇಮಾನನೂ ಹೇಳಿಲ್ಲ.

ಈಗ ಶುಭ ಶುಕ್ರವಾರ ನಾಲ್ಕನೇ ಮಾತು ನನ್ನ ಪಾಲಿಗೆ ಬಂದಿದೆ. ಅಪ್ಪನಷ್ಟು ಧೈರ್ಯ ಇಲ್ಲ, ಐದು ನಿಮಿಷ ಮಾತಾಡುತ್ತೇನೆ, ಆಮೇಲೆ ಕೂರುತ್ತೇನೆ. ಹೋದ ವರ್ಷ ಹಾಗೆ ಎಲ್ಲರೂ ಸುಮ್ಮನೆ ಕೂತಿದ್ದಾಗ ಮುಂದಿನ ಸಾಲಿನ ಒಂದು ಮಗು ಅಮ್ಮನನ್ನು ಗಟ್ಟಿಯಾಗಿ ಕೇಳಿತು, "ಮುಗೀತಾ?" ಇಡೀ ಚರ್ಚು ನಕ್ಕಿತು. ಇನ್ನೂ ಮೂರು ಮಾತು ಬಾಕಿ ಇತ್ತು.