ಟುಲಿಪ್ ಹೂ ಉದುರಿತು ಅಂತ ಎಲೆಗೆ ಕತ್ತರಿ ಹಾಕಬೇಡಿ

ಟುಲಿಪ್ ಹೂ ಮುಗಿಯುವ ಹೊತ್ತಿಗೆ ನನಗೆ ಅವೇ ನಾಲ್ಕೈದು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಈ ಸಲ ಎಲ್ಲಕ್ಕೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ಗಡ್ಡೆ ಎಷ್ಟು ಆಳಕ್ಕೆ ನೆಡಬೇಕು, ಎಂಥ ಮಣ್ಣು ಬೇಕು ಅನ್ನುವುದನ್ನು ಬಿಟ್ಟಿದ್ದೇನೆ. ಹೂ ಬಿಡಿಸಿದವರಿಗೆ ಅದು ಗೊತ್ತಿರುತ್ತದೆ.

ಪ್ರಶ್ನೆ: ಕುಂಡದಲ್ಲಿದ್ದ ಟುಲಿಪ್ ಹೂವೆಲ್ಲ ಉದುರಿತು. ಎಲೆಗಳು ಜೋತುಬಿದ್ದು ನೋಡಲು ಚೆನ್ನಾಗಿಲ್ಲ. ಎಲೆಯನ್ನು ಬುಡಕ್ಕೆ ಕತ್ತರಿಸಿ ಗಡ್ಡೆ ಎತ್ತಿಟ್ಟರೆ ಮುಂದಿನ ವರ್ಷ ಹೂ ಬರುತ್ತದಾ?

ಬರುವುದಿಲ್ಲ. ಯಾಕೆ ಅಂತ ಒಮ್ಮೆ ಸರಿಯಾಗಿ ತಿಳಿದುಕೊಂಡುಬಿಡಿ, ಆಮೇಲೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ನೀವು ನೆಟ್ಟ ಗಡ್ಡೆ ಈಗ ಇಲ್ಲ. ಎಲೆ, ದಂಟು, ಹೂವು ಎಲ್ಲವನ್ನೂ ಹೊರಗೆ ಕಳಿಸುವುದರಲ್ಲಿ ಅದು ಪೂರ್ತಿ ಖರ್ಚಾಗಿದೆ. ಡ್ಯಾಫಡಿಲ್ ಗಡ್ಡೆಯಾದರೆ ವರ್ಷಗಟ್ಟಲೆ ಅದೇ ಉಳಿಯುತ್ತದೆ. ಟುಲಿಪ್ ಹಾಗಲ್ಲ, ಹಳೆಯ ಗಡ್ಡೆ ಪ್ರತಿ ವರ್ಷ ಸಾಯುತ್ತದೆ, ಅದರ ಪದರಗಳ ಸಂದಿಯಲ್ಲಿ ಹೊಸ ಮರಿಗಡ್ಡೆಗಳು ಹುಟ್ಟುತ್ತವೆ. ಗಿಡ ಪೂರ್ತಿ ಒಣಗಿದ ಮೇಲೆ ಅಗೆದು ನೋಡಿ. ಹೂವಿನ ಒಣದಂಟು ಗಡ್ಡೆಯ ನಡುವಿನಿಂದ ಹೊರಟಿರುವುದಿಲ್ಲ, ಪಕ್ಕದಲ್ಲಿ ಅಂಟಿಕೊಂಡಿರುತ್ತದೆ. ಅದರ ಸುತ್ತ ಕಾಗದದಂಥ ಕಂದು ಪೊರೆ ಇರುತ್ತದೆ. ಆ ಪೊರೆಯೇ ನೀವು ನೆಟ್ಟ ಗಡ್ಡೆ! ಪಕ್ಕದಲ್ಲಿ ದುಂಡಗೆ ಗಟ್ಟಿಯಾಗಿರುವುದು ಈ ವರ್ಷದ ಎಲೆಗಳು ತುಂಬಿಸಿದ ಹೊಸದು. ಎಲೆ ಕತ್ತರಿಸಿದರೆ ಅದು ತುಂಬುವುದಾದರೂ ಹೇಗೆ?

ಹಾಗಾಗಿ ಹೂ ಬಾಡಿದ ತಕ್ಷಣ ತೆಗೆಯಬೇಕಾದ್ದು ಹೂವಿನ ತಲೆ ಮಾತ್ರ. ದಳ ಉದುರಿದ ಮೇಲೆ ಮೂರು ಮೂಲೆಯ ಹಸಿರು ಕಾಯಿ ಉಳಿಯುತ್ತದಲ್ಲ, ಅದನ್ನು ಬೆರಳಿನಲ್ಲೇ ಮುರಿದು ತೆಗೆಯಿರಿ. ಬಿಟ್ಟರೆ ಗಿಡ ಬೀಜ ಕಟ್ಟಲು ಹೊರಟು, ಗಡ್ಡೆಗೆ ಹೋಗಬೇಕಾದ ಆಹಾರ ಅಲ್ಲಿ ಖರ್ಚಾಗುತ್ತದೆ. ದಂಟು ಇರಲಿ, ಹಸಿರಾಗಿರುವವರೆಗೆ ಅದೂ ಆಹಾರ ತಯಾರಿಸುತ್ತದೆ. ಎಲೆಯನ್ನಂತೂ ಮುಟ್ಟಲೇಬೇಡಿ. ಅಂದ ಕಾಣಲಿ ಅಂತ ಜಡೆ ಹೆಣೆಯುವುದು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟುವುದು ಬೇಡ, ಮಡಚಿದ ಎಲೆಗೆ ಬಿಸಿಲು ತಾಗುವುದಿಲ್ಲ. ನೋಡಲು ಆಗುವುದಿಲ್ಲ ಅಂದರೆ ಕುಂಡವನ್ನೇ ಕಣ್ಣಿಗೆ ಬೀಳದ ಕಡೆ ಸರಿಸಿ, ಆದರೆ ಅಲ್ಲಿ ಬಿಸಿಲಿರಬೇಕು. ಎಲೆ ತಾನಾಗಿ ಹಳದಿಯಾಗಲು ಸುಮಾರು 6 ವಾರ ಹಿಡಿಯುತ್ತದೆ. ಕಾಯಿರಿ.

ಈ 6 ವಾರದಲ್ಲೇ ಜನ ಗಿಡವನ್ನು ಮರೆತುಬಿಡುವುದು. ಹೂ ಇದ್ದಾಗ ದಿನವೂ ಮುಟ್ಟಿ ನೋಡಿ ನೀರು ಹಾಕುತ್ತಿದ್ದವರು ಹೂ ಹೋದ ಮೇಲೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಎಲೆ ಹಸಿರಾಗಿರುವಷ್ಟು ದಿನ ಮೊದಲಿನಂತೆಯೇ ನೀರು ಬೇಕು, ತಳದಲ್ಲಿ ಮಾತ್ರ ನೀರು ನಿಲ್ಲಬಾರದು. ಪೊಟ್ಯಾಷ್ ಜಾಸ್ತಿ ಇರುವ ದ್ರವ ಗೊಬ್ಬರವನ್ನು ತೆಳುವಾಗಿ ಕಲಸಿ ಒಂದೆರಡು ಸಲ ಕೊಡಿ. ಸಾರಜನಕ ಜಾಸ್ತಿ ಇರುವುದು ಬೇಡ. ಎಲೆ ಅರ್ಧ ಹಳದಿಯಾದಾಗ ಗೊಬ್ಬರ ನಿಲ್ಲಿಸಿ, ನೀರು ಕಡಿಮೆ ಮಾಡಿ. ಪೂರ್ತಿ ಒಣಗಿದಾಗ ನೀರೂ ಸಾಕು. ಮೆಲ್ಲಗೆ ಎಳೆದರೆ ಎಲೆ ಕೈಗೆ ಬರಬೇಕು, ಅದೇ ಗುರುತು.

ಆಮೇಲೆ ಗಡ್ಡೆ ತೆಗೆದು ಮಣ್ಣು ಉದುರಿಸಿ. ತೊಳೆಯಬೇಡಿ. ಮೆತ್ತಗಾದದ್ದು, ಹುಳಿ ವಾಸನೆ ಬರುವುದು ಇದ್ದರೆ ಆಗಲೇ ಎಸೆಯಿರಿ. ಅದು ಫ್ಯುಸೇರಿಯಂ ಶಿಲೀಂಧ್ರದ ಕೊಳೆ. ಕೊಳೆತ ಗಡ್ಡೆಯಿಂದ ಎಥಿಲೀನ್ ಅನಿಲ ಹೊರಡುತ್ತದೆ, ಪಕ್ಕದ ಒಳ್ಳೆಯ ಗಡ್ಡೆಗಳ ಒಳಗಿನ ಮೊಗ್ಗನ್ನೂ ಅದು ಕೊಲ್ಲುತ್ತದೆ. ಉಳಿದವನ್ನು ನೆರಳಲ್ಲಿ ಒಣಗಿಸಿ, ಬಲೆ ಚೀಲದಲ್ಲಿ ಗಾಳಿಯಾಡುವ ಕಡೆ ತೂಗುಹಾಕಿ. ಪ್ಲಾಸ್ಟಿಕ್ ಬೇಡವೇ ಬೇಡ.

ಇನ್ನು ಆಸೆ ಎಷ್ಟಿಟ್ಟುಕೊಳ್ಳಬೇಕು ಅನ್ನುವ ಮಾತು. ಗಡ್ಡೆಯ ಸುತ್ತ ದಾರ ಹಿಡಿದು ಅಳೆಯಿರಿ. 10ರಿಂದ 12 ಸೆಂಟಿಮೀಟರ್ ಸುತ್ತಳತೆ ಇದ್ದರೆ ಹೂವನ್ನು ನಿರೀಕ್ಷಿಸಬಹುದು. ತೀರಾ ಚಿಕ್ಕದಿದ್ದರೆ ಒಂದೇ ಒಂದು ಅಗಲ ಎಲೆ ಬಂದು ಸುಮ್ಮನಾಗುತ್ತದೆ. ಅದಕ್ಕೆ ಇನ್ನೂ ಒಂದೆರಡು ವರ್ಷ ಬೇಕು. ಕುಂಡದ ಗಿಡಕ್ಕೆ ಬೇರು ಚಾಚಲು ಜಾಗವಿಲ್ಲ, ಮಣ್ಣೂ ಬೇಗ ಕಾಯುತ್ತದೆ, ಹಾಗಾಗಿ ಚಿಕ್ಕ ಗಡ್ಡೆಗಳೇ ಜಾಸ್ತಿ ಸಿಗುತ್ತವೆ. ಅಂಚು ಹರಿದಂತಿರುವ ಪ್ಯಾರಟ್ ಜಾತಿ, ಸುತ್ತುಸುತ್ತಾಗಿ ಅರಳುವ ಡಬಲ್ ಜಾತಿಗಳ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಡಾರ್ವಿನ್ ಹೈಬ್ರಿಡ್ ವಾಸಿ. ಟುಲಿಪಾ ಟಾರ್ಡಾ, ಟುಲಿಪಾ ಕ್ಲೂಸಿಯಾನಾದಂಥ ಗಿಡ್ಡ ಕಾಡು ಜಾತಿಗಳು ಇನ್ನೂ ವಾಸಿ. ವರ್ಷ ವರ್ಷ ಹೂ ನೋಡಬೇಕು ಅನ್ನುವವರು ಇವನ್ನೇ ತನ್ನಿ.

ಪ್ರಶ್ನೆ: ಗಡ್ಡೆಗೆ ಚಳಿ ಬೇಕಂತಲ್ಲ, ತೆಗೆದ ಕೂಡಲೇ ಫ್ರಿಜ್ಜಿಗೆ ಹಾಕಲಾ?

ಅವಸರ ಬೇಡ. ಟುಲಿಪ್ ಮಧ್ಯ ಏಷ್ಯಾದ ಬೆಟ್ಟಗಳ ಗಿಡ. ಅಲ್ಲಿ ಮೊದಲು ಒಣ ಬೇಸಿಗೆ, ಆಮೇಲೆ ಹಿಮ. ಗಡ್ಡೆಗೂ ಅದೇ ಕ್ರಮ ಬೇಕು. ಒಣಗಿ ಮಲಗಿದೆ ಅಂತ ನಾವು ಅಂದುಕೊಂಡ ತಿಂಗಳುಗಳಲ್ಲೇ ಮುಂದಿನ ಹೂವಿನ ಮೊಗ್ಗು ಗಡ್ಡೆಯೊಳಗೆ ರೂಪುಗೊಳ್ಳುತ್ತಿರುತ್ತದೆ, ಅದಕ್ಕೆ 17ರಿಂದ 20 ಡಿಗ್ರಿ ಸೆಲ್ಸಿಯಸ್ ಹಿತ. ಅದಾದ ಮೇಲೆ 9 ಡಿಗ್ರಿಗಿಂತ ಕೆಳಗೆ 12ರಿಂದ 16 ವಾರ ಚಳಿ. ಫ್ರೀಜರ್‌ಗೆ ಹಾಕಿದರೆ ಸಾಯುತ್ತದೆ. ಸೇಬಿನ ಪಕ್ಕವೂ ಇಡಬೇಡಿ, ಹಣ್ಣಾಗುವ ಸೇಬಿನಿಂದಲೂ ಎಥಿಲೀನ್ ಬರುತ್ತದೆ.

ಕುಂಡಕ್ಕೆ ಐಸ್ ತುಂಡು ಹಾಕಿದರೆ ಚಳಿ ಸಿಕ್ಕಂತಾಗುತ್ತದಾ ಅಂತ ಕೇಳಿದ್ದೀರಿ. ಇಲ್ಲ. ವಾರಗಟ್ಟಲೆ ಬೇಕಾದ ಚಳಿ ಅರ್ಧ ಗಂಟೆಯಲ್ಲಿ ಕರಗುವ ಐಸಿನಿಂದ ಬರುವುದಿಲ್ಲ. ಕಾಫಿ ಗಸಿ, ದಾಲ್ಚಿನ್ನಿ ಪುಡಿ, ಸಕ್ಕರೆ ನೀರು ಯಾವುದೂ ಎಲೆಯ ಕೆಲಸ ಮಾಡುವುದಿಲ್ಲ. ಇಂಥದ್ದನ್ನು ವಿಡಿಯೋದಲ್ಲಿ ತೋರಿಸುವವರು ಮುಂದಿನ ವರ್ಷದ ಹೂವನ್ನು ತೋರಿಸಿದ್ದು ನೋಡಿದ್ದೀರಾ?

ನೀಲಿ ಟುಲಿಪ್ ಬೀಜ: ಮೋಸ. ಅಪ್ಪಟ ನೀಲಿ ಟುಲಿಪ್ ಇಲ್ಲವೇ ಇಲ್ಲ. ಅಸಲಿ ಟುಲಿಪ್ ಬೀಜ ಹಾಕಿದರೂ ಹೂವಿಗೆ 5 ವರ್ಷವಾದರೂ ಕಾಯಬೇಕು, ತಾಯಿಗಿಡದ ಬಣ್ಣವೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಇದನ್ನು ಮಾರುವವರ ಮೇಲೆ ನನಗೆ ನಿಜವಾಗಿಯೂ ಕೋಪವಿದೆ.

ಬರೀ ನೀರಿನ ಗಾಜಿನಲ್ಲಿ ಬೆಳೆಸಿದ ಗಡ್ಡೆ: ಗೊಬ್ಬರದ ಗುಂಡಿಗೆ ಹಾಕಿ.

ಪ್ರಶ್ನೆ: ಅಚ್ಚ ಕೆಂಪು ಟುಲಿಪ್ ಈ ವರ್ಷ ಬಿಳಿ ಗೀರಿನ ಹೂ ಬಿಟ್ಟಿದೆ, ತುಂಬಾ ಚೆಂದ. ಈ ಗಡ್ಡೆ ಉಳಿಸಿಕೊಳ್ಳಲಾ?

ಬೇಡ. ಒಂದೇ ಬಣ್ಣದ ಹೂವಿನಲ್ಲಿ ಹೀಗೆ ಇದ್ದಕ್ಕಿದ್ದಂತೆ ಗೀರು ಬಂದರೆ ನಾನು ವೈರಸ್ ಅಂತಲೇ ತಿಳಿಯುತ್ತೇನೆ. 17ನೇ ಶತಮಾನದ ಡಚ್ಚರು ಇಂಥ ಗೀರು ಹೂವಿಗಾಗಿಯೇ ಹಣ ಸುರಿದರು. ಅದು ವೈರಸ್ ಕೆಲಸ ಅಂತ ಇಂಗ್ಲೆಂಡಿನ ಶಿಲೀಂಧ್ರ ವಿಜ್ಞಾನಿ ಡೊರೊಥಿ ಕೇಯ್ಲಿ ತೋರಿಸಿಕೊಟ್ಟದ್ದು 1928ರಲ್ಲಿ. ಗಡ್ಡೆ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ, ಗಿಡಹೇನು ರೋಗವನ್ನು ಪಕ್ಕದ ಕುಂಡಕ್ಕೂ ಒಯ್ಯುತ್ತದೆ. ಕಿತ್ತು ಕಸಕ್ಕೆ ಹಾಕಿ, ಗೊಬ್ಬರಕ್ಕಲ್ಲ.

ನಾಯಿ ಗಡ್ಡೆ ಅಗಿದುಬಿಟ್ಟಿತು, ಏನು ಮಾಡಲಿ ಅಂತ ಕೇಳಿದವರಿಗೆ: ನನ್ನ ಉತ್ತರಕ್ಕೆ ಕಾಯಬೇಡಿ, ಪಶುವೈದ್ಯರ ಹತ್ತಿರ ಓಡಿ. ಟುಲಿಪ್ ನಾಯಿಗೂ ಬೆಕ್ಕಿಗೂ ವಿಷ, ಗಡ್ಡೆಯಲ್ಲಿ ಅದು ಜಾಸ್ತಿ. ಗಡ್ಡೆಯ ರಸದಿಂದ ಕೆಲವರ ಬೆರಳ ತುದಿ ಕೆಂಪಾಗಿ ಬಿರಿಯುವುದೂ ಉಂಟು. ಗಡ್ಡೆ ಬಿಡಿಸುವಾಗ ಕೈಗವಸು ಹಾಕಿಕೊಳ್ಳಿ, ಒಣಗಿಸುವ ಚೀಲವನ್ನು ನಾಯಿಗೆ ಎಟುಕದಷ್ಟು ಎತ್ತರದಲ್ಲಿ ಕಟ್ಟಿ.