ಬರೆದವರು ಊರು ಬಿಡುವ ಮುಂಚೆ

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಅಡಿಕೆ ಸೊಸೈಟಿ. ತೂಕ, ಟೆಂಡರ್, ಸದಸ್ಯರ ಖಾತೆ ಎಲ್ಲಾ ನಡೆಯುವುದು ನಮ್ಮ ಹುಡುಗನೊಬ್ಬ 9 ವರ್ಷದಿಂದ ಬರೆದ ಸಾಫ್ಟ್‌ವೇರ್ ಮೇಲೆ. ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಇನ್ನೊಂದು ತಿಂಗಳು ಇರುತ್ತಾನೆ. ‘ಎಲ್ಲಾ ಬರೆದಿಟ್ಟು ಹೋಗು ಮಾರಾಯಾ’ ಅಂದಿದ್ದೇವೆ. ಅಷ್ಟು ಸಾಕಾ?

ಉತ್ತರ: ಸಾಲದು. ಹಾಗೆ ಹೇಳಿದರೆ ಯಾವ ಬಟನ್ ಒತ್ತಿದರೆ ಏನಾಗುತ್ತದೆ ಅಂತ ನೂರು ಪುಟ ಬರೆದುಕೊಡುತ್ತಾರೆ. ಅದು ಕೋಡ್ ಓದಿದರೂ ಗೊತ್ತಾಗುತ್ತದೆ ಅಲ್ವಾ? ಕೋಡ್‌ನಲ್ಲಿ ಕಾಣದೇ ಇರುವುದು, ಹೀಗೆ ಯಾಕೆ ಮಾಡಿದರು ಅನ್ನುವುದು.

ಘಟ್ಟದ ಮೇಲೆ ಒಂದು ಕಡೆ ನಾನೇ ನೋಡಿದ್ದೇನೆ. ತೂಕದ ಲೆಕ್ಕ ಎರಡು ಟೇಬಲ್‌ಗಳಲ್ಲಿ, ಅಂದರೆ ಸಾಫ್ಟ್‌ವೇರ್ ಮಾಹಿತಿ ಇಡುವ ಎರಡು ಪಟ್ಟಿಗಳಲ್ಲಿ ಇತ್ತು. ಹೊಸದಾಗಿ ಬಂದವರು ಸುಮ್ನೆ ಎರಡೆರಡು ಯಾಕೆ ಅಂತ ಒಂದನ್ನು ತೆಗೆದರು. ಬೇಸಿಗೆಯಲ್ಲಿ ಏನೂ ಆಗಲಿಲ್ಲ. ಮಳೆಗಾಲದಲ್ಲಿ ನೆಟ್ ಹೋದ ದಿನ ಗೊತ್ತಾಯಿತು, ನೆಟ್ ಇಲ್ಲದಾಗ ತೂಕವನ್ನು ಅಲ್ಲೇ ಕಂಪ್ಯೂಟರ್‌ನಲ್ಲಿ ಹಿಡಿದಿಟ್ಟು ಆಮೇಲೆ ಸರ್ವರ್‌ಗೆ ಕಳಿಸುವುದಕ್ಕೆ ಆ ಟೇಬಲ್ ಇತ್ತು ಅಂತ. ಅರ್ಧ ದಿನದ ಚೀಟಿಗಳನ್ನು ಒಂದೊಂದಾಗಿ ನೋಡಿ ಮತ್ತೆ ತುಂಬಬೇಕಾಯಿತು.

ಈ ‘ಯಾಕೆ’ಯನ್ನು ಬರೆದಿಡಲು ಸಾಫ್ಟ್‌ವೇರ್ ತಜ್ಞ ಮೈಕೆಲ್ ನೈಗಾರ್ಡ್ 2011ರಲ್ಲಿ ಸುಲಭದ ದಾರಿ ಹೇಳಿದರು, ಅದಕ್ಕೆ ಎಡಿಆರ್ (ಆರ್ಕಿಟೆಕ್ಚರ್ ಡಿಸಿಷನ್ ರೆಕಾರ್ಡ್, ಅಂದರೆ ತೀರ್ಮಾನದ ದಾಖಲೆ) ಅನ್ನುತ್ತಾರೆ. ಒಂದು ತೀರ್ಮಾನಕ್ಕೆ ಒಂದೆರಡು ಪುಟ. ಆಗ ಪರಿಸ್ಥಿತಿ ಏನಿತ್ತು, ಏನು ಮಾಡಿದೆವು, ಅದರಿಂದ ಏನಾಯಿತು, ಇಷ್ಟೇ. ಅದು ಕೋಡ್ ಜೊತೆಗೇ ಇರಬೇಕು. ಮುಂದೆ ತೀರ್ಮಾನ ಬದಲಾದರೂ ಹಳೆಯದನ್ನು ಅಳಿಸಬೇಡಿ, ಬದಲಾಗಿದೆ ಅಂತ ಗುರುತು ಹಾಕಿ.

ಆದರೂ ಎಲ್ಲವೂ ಕಾಗದಕ್ಕೆ ಇಳಿಯುವುದಿಲ್ಲ. ಪ್ರೋಗ್ರಾಂನ ನಿಜವಾದ ತಿಳಿವಳಿಕೆ ಇರುವುದು ಅದನ್ನು ಕಟ್ಟಿದವರ ತಲೆಯಲ್ಲಿ ಅಂತ ಡೆನ್ಮಾರ್ಕಿನ ಕಂಪ್ಯೂಟರ್ ವಿಜ್ಞಾನಿ ಪೀಟರ್ ನೌರ್ 1985ರಲ್ಲೇ ವಾದಿಸಿದ್ದರು. ಹಾಗಾಗಿ ನಾಳೆಯಿಂದಲೇ ಒಬ್ಬರನ್ನು ಅವರ ಪಕ್ಕ ಕೂರಿಸಿ. ಕೀಬೋರ್ಡ್ ಹೊಸಬರ ಕೈಯಲ್ಲಿರಲಿ, ಹೋಗುವವರು ಬಾಯಲ್ಲಿ ಮಾತ್ರ ಹೇಳಲಿ. ರಾಶಿ, ಚಾಲಿ, ಕೆಂಪುಗೋಟು ಹೀಗೆ ಅಡಿಕೆಯ ಒಂದೊಂದು ಬಗೆಯ ಟೆಂಡರ್ ದರ ಹೊಸಬರೇ ಹಾಕಲಿ. ಬ್ಯಾಕಪ್ ತೆಗೆದುಕೊಂಡು ಬೇರೆ ಕಂಪ್ಯೂಟರ್‌ನಲ್ಲಿ ಪೂರ್ತಿ ವ್ಯವಸ್ಥೆ ನಡೆಸಿ ತೋರಿಸಲಿ. ಎಲ್ಲಿ ತಡವರಿಸುತ್ತಾರೋ ಅದನ್ನೇ ಮೊದಲು ಬರೆಸಿ. ಸರ್ವರ್, ಪಾಸ್‌ವರ್ಡ್ ಹೋಗುವವರ ಸ್ವಂತ ಹೆಸರಿನಲ್ಲಿದ್ದರೆ ಸೊಸೈಟಿ ಹೆಸರಿಗೆ ಮಾಡಿಸಿಕೊಳ್ಳಿ.

ಇನ್ನೊಂದು ಮಾತು. ಮೂರನೇ ವಾರ ಹೋಗುವವರಿಗೆ ರಜೆ ಕೊಡಿ, ಫೋನನ್ನೂ ಮಾಡಬೇಡಿ. ಆ ವಾರ ಸಿಕ್ಕಿಹಾಕಿಕೊಂಡ ಕಡೆಯನ್ನೆಲ್ಲ ಪಟ್ಟಿ ಮಾಡಿ. ನಾಲ್ಕನೇ ವಾರ ಅದನ್ನು ಹಿಡಿದುಕೊಂಡು ಅವರ ಜೊತೆ ಕೂತುಕೊಳ್ಳಿ. ಇಷ್ಟು ವರ್ಷ ಕಷ್ಟಪಟ್ಟು ಕಟ್ಟಿದವರು, ಕೇಳಿದರೆ ಖುಷಿಯಿಂದಲೇ ಹೇಳುತ್ತಾರೆ.