ಪರರ ಸರ್ಕಾರವನ್ನು ಕೆಡವಲು ಯುದ್ಧ: ಓದುಗರ ಪ್ರಶ್ನೆಗಳಿಗೆ ಉತ್ತರ

ಮತ್ತೊಂದು ದೇಶದ ಸರ್ಕಾರ ಎಷ್ಟೇ ಕೆಟ್ಟದ್ದಾಗಿರಲಿ, ಅದನ್ನು ಇಳಿಸುವುದಕ್ಕಾಗಿಯೇ ಯುದ್ಧ ಹೂಡುವುದು ನ್ಯಾಯವೇ ಎಂದು ಹಲವರು ಬರೆದು ಕೇಳಿದ್ದಾರೆ. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ದಿಕ್ಕಿನಿಂದ ಕೇಳಿರುವ ಆರು ಪತ್ರಗಳನ್ನು ಆರಿಸಿಕೊಂಡು, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಪಕ್ಕದ ಮನೆಯ ಯಜಮಾನ ಹೆಂಡತಿ ಮಕ್ಕಳನ್ನು ಬಡಿದು ಸಾಯಿಸುತ್ತಿದ್ದರೆ ಬಾಗಿಲು ಒಡೆದಾದರೂ ಒಳಗೆ ನುಗ್ಗುತ್ತೇವೆ. ದೇಶಗಳ ವಿಷಯದಲ್ಲಿ ಮಾತ್ರ ಅದು ತಪ್ಪು ಹೇಗಾದೀತು?

ಉತ್ತರ: ಹೋಲಿಕೆ ಮನಸ್ಸಿಗೆ ಹಿಡಿಸುತ್ತದೆ, ಆದರೆ ಅದರಲ್ಲಿ ಮುಖ್ಯವಾದ ಸಂಗತಿಯೊಂದು ಬಿಟ್ಟುಹೋಗಿದೆ. ಬಾಗಿಲು ಒಡೆದು ಒಳಗೆ ಹೋದವನು ನೇರವಾಗಿ ಯಜಮಾನನ ಕೈ ಹಿಡಿಯುತ್ತಾನೆ. ಯುದ್ಧಕ್ಕೆ ಹೊರಟ ಸೇನೆಯಾದರೋ ಯಜಮಾನನನ್ನು ಮುಟ್ಟುವುದಕ್ಕೆ ಮೊದಲು ಆ ಮನೆಯ ಗೋಡೆ, ಬಾವಿ, ಏಟು ತಿನ್ನುತ್ತಿದ್ದ ಆ ಮಕ್ಕಳು ಎಲ್ಲವನ್ನೂ ತುಳಿದುಕೊಂಡೇ ಹೋಗಬೇಕಾಗುತ್ತದೆ. ಸರ್ವಾಧಿಕಾರಿ ನೆಲಮಾಳಿಗೆಯಲ್ಲಿ ಅಡಗಿರುತ್ತಾನೆ. ಮೊದಲ ರಾತ್ರಿಯ ಬಾಂಬಿಗೆ ಸಿಗುವವನು ಸೇತುವೆಯ ಮೇಲೆ ಲಾರಿ ಓಡಿಸುತ್ತಿದ್ದವನು, ಇಲ್ಲವೇ ಕಡ್ಡಾಯ ಸೇವೆಗೆಂದು ಎಳೆದುತಂದ ಹತ್ತೊಂಬತ್ತರ ಹುಡುಗ.

ಇನ್ನು ಕಾನೂನಿನ ಮಾತು. 1945ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಸನ್ನದಿನ 2ನೇ ವಿಧಿಯ 4ನೇ ಖಂಡವು ಯಾವುದೇ ದೇಶದ ಪ್ರಾದೇಶಿಕ ಅಖಂಡತೆ ಅಥವಾ ರಾಜಕೀಯ ಸ್ವಾತಂತ್ರ್ಯದ ವಿರುದ್ಧ ಬಲ ಪ್ರಯೋಗಿಸುವುದನ್ನು ನಿಷೇಧಿಸುತ್ತದೆ. ಇದಕ್ಕೆ ಎರಡೇ ವಿನಾಯಿತಿಗಳಿವೆ: ಸಶಸ್ತ್ರ ದಾಳಿಗೆ ಗುರಿಯಾದಾಗ 51ನೇ ವಿಧಿಯನ್ವಯ ಆತ್ಮರಕ್ಷಣೆ, ಮತ್ತು 7ನೇ ಅಧ್ಯಾಯದನ್ವಯ ಭದ್ರತಾ ಮಂಡಳಿ ಕೊಡುವ ಅನುಮತಿ. 'ಸರ್ಕಾರ ಕೆಟ್ಟದ್ದು' ಎಂಬುದು ಮೂರನೆಯ ವಿನಾಯಿತಿಯಾಗಿ ಎಲ್ಲಿಯೂ ಇಲ್ಲ. ಸನ್ನದನ್ನು ಬರೆದವರಿಗೆ ಕ್ರೂರ ಸರ್ಕಾರಗಳ ಅರಿವಿರಲಿಲ್ಲವೆಂದು ಇದರ ಅರ್ಥವಲ್ಲ. ಅವರು ಆಗಷ್ಟೇ ಹಿಟ್ಲರನ ಕಾಲವನ್ನು ದಾಟಿ ಬಂದಿದ್ದರು. ಅದೇ ಹಿಟ್ಲರ್ 1938ರಲ್ಲಿ ಜೆಕೊಸ್ಲೊವಾಕಿಯಾದ ಸುಡೆಟನ್‌ಲ್ಯಾಂಡ್‌ಗೆ ಕೈ ಹಾಕಿದಾಗ, ಅಲ್ಲಿನ ಜರ್ಮನ್ ಭಾಷಿಕರ ಮೇಲೆ ನಡೆಯುತ್ತಿರುವ ದೌರ್ಜನ್ಯವನ್ನು ತಡೆಯುವುದೇ ತನ್ನ ಉದ್ದೇಶ ಎಂದಿದ್ದನ್ನೂ ಅವರು ಮರೆತಿರಲಿಲ್ಲ. ಬಾಗಿಲು ಒಡೆಯುವ ಹಕ್ಕನ್ನು ಎಲ್ಲರಿಗೂ ಕೊಟ್ಟರೆ ಅದನ್ನು ಮೊದಲು ಬಳಸುವವರು ಯಾರೆಂಬುದು ಅವರಿಗೆ ಗೊತ್ತಿತ್ತು.

ಎರಡನೆಯ ಮಹಾಯುದ್ಧ ನಾಜಿ ಸರ್ಕಾರವನ್ನು ಇಳಿಸಿತಲ್ಲ ಎಂದು ಕೆಲವರು ಕೇಳುವುದುಂಟು. ಇಳಿಸಿತು, ನಿಜ. ಆದರೆ 1939ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಯುದ್ಧ ಸಾರಿದ್ದು ಪೋಲೆಂಡ್ ಮೇಲೆ ದಾಳಿಯಾದದ್ದಕ್ಕೆ. ಬೇಷರತ್ ಶರಣಾಗತಿಯೊಂದೇ ದಾರಿ ಎಂಬ ನಿಲುವು ಘೋಷಣೆಯಾದದ್ದು 1943ರ ಜನವರಿಯಲ್ಲಿ, ಕಾಸಾಬ್ಲಾಂಕಾದಲ್ಲಿ. ಬೇರೆ ಕಾರಣಕ್ಕೆ ನ್ಯಾಯವಾಗಿದ್ದ ಯುದ್ಧದ ಕೊನೆಯಲ್ಲಿ ಸರ್ಕಾರ ಬೀಳುವುದಕ್ಕೂ, ಸರ್ಕಾರ ಬೀಳಿಸಲೆಂದೇ ಯುದ್ಧ ಹೂಡುವುದಕ್ಕೂ ಇರುವ ಈ ಅಂತರವನ್ನು ಮುಂದಿನ ಉತ್ತರಗಳಲ್ಲಿಯೂ ನೆನಪಿಡಬೇಕೆಂದು ಕೋರುತ್ತೇನೆ.

ಪ್ರಶ್ನೆ: ಕಾಂಬೋಡಿಯಾದಲ್ಲಿ ಪೊಲ್ ಪಾಟ್‌ನ ಆಡಳಿತವನ್ನು ಕೊನೆಗಾಣಿಸಿದ್ದು ವಿಯೆಟ್ನಾಂ ಸೇನೆ. ಅದು ಗಡಿ ದಾಟದೇ ಇದ್ದಿದ್ದರೆ ಇನ್ನೂ ಎಷ್ಟು ಜನ ಸಾಯುತ್ತಿದ್ದರೋ. ಅದನ್ನೂ ತಪ್ಪೆನ್ನುವಿರಾ?

ಉತ್ತರ: ಎನ್ನಲಾರೆ. ನನ್ನ ನಿಲುವಿಗೆ ಎದುರಾಗಿ ನಿಲ್ಲುವ ಉದಾಹರಣೆಗಳಲ್ಲಿ ಇದಕ್ಕಿಂತ ಬಲವಾದದ್ದನ್ನು ನಾನು ಕಂಡಿಲ್ಲ. 1975ರ ಏಪ್ರಿಲ್‌ನಿಂದ ನಾಲ್ಕು ವರ್ಷ ತುಂಬುವುದರೊಳಗೆ ಪೊಲ್ ಪಾಟ್‌ನ ಪಕ್ಷವಾದ ಖ್ಮೇರ್ ರೂಜ್‌ನ ಆಡಳಿತದಲ್ಲಿ ಕೊಲೆ, ಹಸಿವು, ಕಾಯಿಲೆ, ಜೀತದ ದುಡಿಮೆಗಳಿಂದ 15ರಿಂದ 20 ಲಕ್ಷ ಜನ ಸತ್ತರು. 1979ರ ಜನವರಿ 7ರಂದು ವಿಯೆಟ್ನಾಂ ಸೇನೆ ರಾಜಧಾನಿ ನಾಮ್‌ಪೆನ್ ನಗರವನ್ನು ಹೊಕ್ಕಾಗ ಅಲ್ಲಿ ಸ್ವಾಗತಿಸಲು ಜನರೇ ಇರಲಿಲ್ಲ. ಊರಿಗೆ ಊರನ್ನೇ ವರ್ಷಗಳ ಹಿಂದೆ ಹೊಲಗಳಿಗೆ ಅಟ್ಟಲಾಗಿತ್ತು. ಸೇನೆಯ ಜೊತೆ ಬಂದ ಪತ್ರಕರ್ತರು ಕೊಳೆತ ಹೆಣಗಳ ವಾಸನೆಯ ಜಾಡು ಹಿಡಿದು ಒಂದು ಶಾಲೆಯ ಆವರಣಕ್ಕೆ ಹೋದರು. ತರಗತಿಗಳಲ್ಲಿ ಕಬ್ಬಿಣದ ಮಂಚಗಳು, ಅವಕ್ಕೆ ಕಟ್ಟಿದ್ದ ಶವಗಳು, ಪಕ್ಕದ ಕೋಣೆಗಳಲ್ಲಿ ಕೈದಿಗಳ ಭಾವಚಿತ್ರಗಳ ಕಟ್ಟುಗಳು. ಎಸ್-21 ಎಂಬ ಆ ಸೆರೆಮನೆ ಇಂದು ತುವಲ್ ಸ್ಲೆಂಗ್ ವಸ್ತುಸಂಗ್ರಹಾಲಯವಾಗಿದೆ. ಆ ಕೋಣೆಗಳ ಮುಂದೆ ನಿಂತು ಸಾರ್ವಭೌಮತ್ವದ ವಿಧಿಯನ್ನು ಓದಿ ಹೇಳುವ ಧೈರ್ಯ ನನಗಿಲ್ಲ.

ಹಾಗಿದ್ದರೂ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ವಿಯೆಟ್ನಾಂ ಹೊರಟದ್ದು ಕರುಣೆಯಿಂದಲ್ಲ. ಖ್ಮೇರ್ ರೂಜ್ ಪಡೆಗಳು ಗಡಿಯಾಚೆಗೆ ಪದೇ ಪದೇ ನುಗ್ಗುತ್ತಿದ್ದವು. 1978ರ ಏಪ್ರಿಲ್‌ನಲ್ಲಿ ಬಾ ಚುಕ್ ಎಂಬಲ್ಲಿ ಮೂರು ಸಾವಿರಕ್ಕೂ ಹೆಚ್ಚು ವಿಯೆಟ್ನಾಂ ನಾಗರಿಕರನ್ನು ಕೊಂದಿದ್ದವು. ವಿಯೆಟ್ನಾಂ ಕೊಟ್ಟ ಸಮರ್ಥನೆಯೂ ಆತ್ಮರಕ್ಷಣೆಯದೇ. ಎರಡನೆಯದಾಗಿ, ಬಂದ ಸೇನೆ ಹೊರಟದ್ದು 1989ರಲ್ಲಿ. ಆ ಹತ್ತು ವರ್ಷ ಗಡಿಯಂಚಿನ ಕಾಡುಗಳಲ್ಲಿ ಅಂತರ್ಯುದ್ಧ ನಡೆಯಿತು, ನೆಲದ ತುಂಬ ನೆಲಬಾಂಬುಗಳನ್ನು ಹುಗಿಯಲಾಯಿತು. ಅತ್ತ ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಪೀಠ ಕೊಲೆಗಡುಕರ ಕೈಯಲ್ಲಿಯೇ ಉಳಿಯಿತು. ಈ ಕೊನೆಯ ಸಂಗತಿ ಜಗತ್ತಿನ ರಾಷ್ಟ್ರಗಳ ಪಾಲಿಗೆ ನಾಚಿಕೆಗೇಡು. ಕಾನೂನಿನ ಹೆಸರಿನಲ್ಲಿ ನಡೆದ ಶೀತಲ ಸಮರದ ಲೆಕ್ಕಾಚಾರ ಅದಾಗಿತ್ತು.

1979ರಲ್ಲಿಯೇ ಟಾಂಜಾನಿಯಾ ಕೂಡ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್‌ನನ್ನು ಓಡಿಸಿತು. ಅಮೀನನ ಸೇನೆ 1978ರ ಕೊನೆಯಲ್ಲಿ ಟಾಂಜಾನಿಯಾದ ಕಗೇರಾ ಪ್ರದೇಶವನ್ನು ಆಕ್ರಮಿಸಿ, ಅದು ತನ್ನದೆಂದು ಸಾರಿದ್ದರಿಂದ ಈ ಯುದ್ಧವೂ ಆತ್ಮರಕ್ಷಣೆಯಾಗಿಯೇ ಶುರುವಾಯಿತು. ಇಲ್ಲಿ ಎರಡು ಯುದ್ಧಗಳಿವೆ, ದಾಳಿಕೋರನನ್ನು ಹಿಮ್ಮೆಟ್ಟಿಸುವುದು ನಮ್ಮದು, ಅಮೀನನನ್ನು ಇಳಿಸುವುದು ಉಗಾಂಡದವರದು ಎಂಬರ್ಥದ ಮಾತನ್ನು ಟಾಂಜಾನಿಯಾದ ಅಧ್ಯಕ್ಷ ನ್ಯೆರೆರೆ ಆಡಿದ್ದರು. ವಾಸ್ತವದಲ್ಲಿ 1979ರ ಏಪ್ರಿಲ್‌ನಲ್ಲಿ ಉಗಾಂಡದ ರಾಜಧಾನಿ ಕಂಪಾಲವನ್ನು ಹಿಡಿಯುವಾಗ ಮುಂದೆ ಇದ್ದದ್ದು ಟಾಂಜಾನಿಯಾ ಸೇನೆಯೇ. ಅಮೀನ್ ಹೋದ, ಆಮೇಲಿನ ಒಂದೂವರೆ ವರ್ಷದಲ್ಲಿ ಸರ್ಕಾರದ ಮೇಲೆ ಸರ್ಕಾರ ಬದಲಾಯಿತು, ಬಳಿಕ ಅಮೀನನಿಗೆ ಮೊದಲು ಅಧ್ಯಕ್ಷನಾಗಿದ್ದ ಒಬೋಟೆ ಮರಳಿ ಬಂದ, ಮತ್ತೆ 1986ರವರೆಗೆ ಅಂತರ್ಯುದ್ಧ. ಎರಡೂ ಕಡೆ ಕೆಡವಿದ್ದು ಸರಿಯೆನ್ನಿಸುತ್ತದೆ, ಕಟ್ಟುವ ಕೆಲಸ ಮಾತ್ರ ಯಾರ ಕೈಯಲ್ಲಿಯೂ ಬೇಗನೆ ಆಗಲಿಲ್ಲ.

ಪ್ರಶ್ನೆ: ಸದ್ದಾಂ ಹುಸೇನ್ ತನ್ನ ಪ್ರಜೆಗಳ ಮೇಲೆಯೇ ವಿಷಾನಿಲ ಬಿಟ್ಟವನು. 2003ರ ಯುದ್ಧದ ನೆಪ ಸುಳ್ಳಾಗಿದ್ದರೂ, ಅಂಥವನು ಹೋದದ್ದು ಇರಾಕಿಗರಿಗೆ ಒಳ್ಳೆಯದಲ್ಲವೇ?

ಉತ್ತರ: ವಿಷಾನಿಲದ ವರ್ಷವನ್ನು ನೋಡಿ. ಇರಾಕಿನ ಹಲಬ್ಜಾ ಪಟ್ಟಣದಲ್ಲಿ ಕುರ್ದ್ ಜನಾಂಗದ ಸುಮಾರು ಐದು ಸಾವಿರ ಜನ ಸತ್ತದ್ದು 1988ರ ಮಾರ್ಚ್‌ನಲ್ಲಿ. ಆಗ ಯಾರೂ ಯುದ್ಧಕ್ಕೆ ಹೊರಡಲಿಲ್ಲ. ಸದ್ದಾಂ ಆಗ ಇರಾನ್ ವಿರುದ್ಧ ಉಪಯೋಗಕ್ಕೆ ಬರುತ್ತಿದ್ದ. ಜನರನ್ನು ಉಳಿಸುವ ಯುದ್ಧವೆಂಬುದು ಇದ್ದರೆ ಅದು ಕೊಲೆ ನಡೆಯುತ್ತಿರುವಾಗ ನಡೆಯಬೇಕು. ಹದಿನೈದು ವರ್ಷಗಳ ಬಳಿಕ ಹೊರಟ ಸೇನೆ ಹಲಬ್ಜಾದ ಮಕ್ಕಳನ್ನು ಉಳಿಸುವುದಿಲ್ಲ.

ನೆಪದ ಮಾತನ್ನೂ ಹಗುರವಾಗಿ ಬಿಡುವಂತಿಲ್ಲ. ಇರಾಕಿನ ಬಳಿ ಸಂಚಾರಿ ಜೈವಿಕ ಅಸ್ತ್ರ ಪ್ರಯೋಗಾಲಯಗಳಿವೆ ಎಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ 2003ರ ಫೆಬ್ರವರಿ 5ರಂದು ಭದ್ರತಾ ಮಂಡಳಿಯ ಮುಂದೆ ಹೇಳಿದರು. ಆ ಮಾಹಿತಿಯ ಮುಖ್ಯ ಮೂಲ ಜರ್ಮನಿಯಲ್ಲಿ ಆಶ್ರಯ ಪಡೆದಿದ್ದ ಒಬ್ಬ ಇರಾಕಿ. ಗುಪ್ತಚರರು ಅವನಿಗಿಟ್ಟ ಸಂಕೇತನಾಮ 'ಕರ್ವ್‌ಬಾಲ್'. ತಾನು ಹೇಳಿದ್ದು ಸುಳ್ಳೆಂದು ಆತನೇ 2011ರಲ್ಲಿ ಒಪ್ಪಿಕೊಂಡ. ತನ್ನ ನಾಡಿನ ದೊರೆ ಬೀಳಲೆಂದು ಹಂಬಲಿಸುವ ದೇಶಭ್ರಷ್ಟನೂ, ಬೀಳಿಸಲು ಕಾರಣ ಹುಡುಕುತ್ತಿರುವ ಪ್ರಬಲ ರಾಷ್ಟ್ರವೂ ಎದುರುಬದುರು ಕುಳಿತಾಗ ಸಾಕ್ಷ್ಯವನ್ನು ತೂಗಿ ನೋಡುವವರು ಅಲ್ಲಿ ಇರುವುದಿಲ್ಲ. ಸೇನೆ ನುಗ್ಗಿದಾಗ ನಿಶ್ಶಸ್ತ್ರೀಕರಣದ ಶಾಂತಿಯುತ ದಾರಿಗಳು ಇನ್ನೂ ಮುಗಿದಿರಲಿಲ್ಲವೆಂದು ಆ ಯುದ್ಧದ ಕುರಿತು ಬ್ರಿಟನ್ ನಡೆಸಿದ ಚಿಲ್ಕಾಟ್ ವಿಚಾರಣೆ 2016ರಲ್ಲಿ ತೀರ್ಮಾನಿಸಿತು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. 2003ರ ಏಪ್ರಿಲ್ 9ರಂದು ಬಾಗ್ದಾದಿನ ಫಿರ್ದೌಸ್ ಚೌಕದಲ್ಲಿ ಸದ್ದಾಮನ ಪ್ರತಿಮೆಯನ್ನು ಉರುಳಿಸಿದ ದೃಶ್ಯವನ್ನು ಟಿವಿಯಲ್ಲಿ ನೋಡಿದವರಿಗೆ ನೆನಪಿರಬಹುದು. ಅಮೆರಿಕದ ಸೈನಿಕನೊಬ್ಬ ಮೇಲೆ ಹತ್ತಿ ಪ್ರತಿಮೆಯ ಮುಖಕ್ಕೆ ತನ್ನ ದೇಶದ ಬಾವುಟವನ್ನು ಮುಚ್ಚಿದ. ಸ್ವಲ್ಪ ಹೊತ್ತಿನಲ್ಲಿಯೇ ಅದನ್ನು ತೆಗೆದು ಇರಾಕಿನ ಹಳೆಯ ಬಾವುಟ ಕಟ್ಟಿದರು. ಈ ವಿಜಯ ಯಾರದ್ದೆಂಬ ಗೊಂದಲ ಆ ಕೆಲವು ನಿಮಿಷಗಳಲ್ಲಿ ಎಲ್ಲರ ಕಣ್ಣಿಗೂ ಬಿತ್ತು.

ನಿಜವಾದ ಅನಾಹುತ ಆದದ್ದು ಮಾತ್ರ ಒಂದು ತಿಂಗಳ ಬಳಿಕ, ಎರಡು ಕಾಗದಗಳ ಮೇಲೆ. ಆಕ್ರಮಣಾನಂತರದ ಆಡಳಿತದ ಮುಖ್ಯಸ್ಥ ಪಾಲ್ ಬ್ರೆಮರ್ ಮೇ 16ರಂದು ಹೊರಡಿಸಿದ 1ನೇ ಆಜ್ಞೆ ಸದ್ದಾಮನ ಬಾಥ್ ಪಕ್ಷದ ಮೇಲಿನ ಸ್ತರಗಳ ಸದಸ್ಯರನ್ನೆಲ್ಲ ಸರ್ಕಾರಿ ನೌಕರಿಯಿಂದ ಹೊರಹಾಕಿತು. ನೌಕರಿಗಾಗಿ ಪಕ್ಷ ಸೇರಿದ್ದ ಸಾವಿರಾರು ಶಾಲಾ ಶಿಕ್ಷಕರೂ ಅದರಲ್ಲಿ ಸೇರಿಹೋದರು. ಮೇ 23ರ 2ನೇ ಆಜ್ಞೆ ಇರಾಕಿನ ಸೇನೆಯನ್ನು ವಿಸರ್ಜಿಸಿತು. ಬಂದೂಕು ಹಿಡಿಯಲು ಮಾತ್ರ ಬಲ್ಲ ಲಕ್ಷಾಂತರ ಗಂಡಸರು ಒಂದೇ ದಿನದಲ್ಲಿ ಸಂಬಳವಿಲ್ಲದೆ ಮನೆಯಲ್ಲಿ ಕುಳಿತರು. ಜೂನ್ 18ರಂದು ಬಾಗ್ದಾದಿನಲ್ಲಿ ಆಡಳಿತ ಕಚೇರಿಯ ದ್ವಾರದೆದುರು ಸಂಬಳ ಕೇಳಲು ನೆರೆದ ಮಾಜಿ ಸೈನಿಕರ ಪೈಕಿ ಇಬ್ಬರು ಅಮೆರಿಕ ಸೈನಿಕರ ಗುಂಡಿಗೆ ಬಲಿಯಾದರು. ಅದಾಗಿ ಕೆಲವೇ ದಿನಗಳಲ್ಲಿ ಭತ್ಯೆ ಘೋಷಣೆಯಾಯಿತು, ಆದರೆ ಹೊತ್ತು ಮೀರಿತ್ತು. ಮುಂದೆ ಐಸಿಸ್ ಸಂಘಟನೆಯ ಸೇನಾ ನಾಯಕರಲ್ಲಿ ಹಲವರು ಆ ವಿಸರ್ಜಿತ ಸೇನೆಯ ಅಧಿಕಾರಿಗಳೇ ಆಗಿದ್ದರು.

ಸರ್ಕಾರವೆಂದರೆ ಅರಮನೆಯಲ್ಲಿ ಕುಳಿತ ಒಬ್ಬ ಮನುಷ್ಯ ಎಂದುಕೊಂಡು ಹೊರಟವರಿಗೆ, ತಿಂಗಳ ಕೊನೆಗೆ ಸಂಬಳ ಹಂಚುವ ಗುಮಾಸ್ತ, ನೀರಿನ ಪಂಪು ಓಡಿಸುವ ನೌಕರ, ಠಾಣೆಯ ಪೊಲೀಸ್, ಶಾಲೆಯ ಮೇಷ್ಟ್ರು ಎಲ್ಲರೂ ಸೇರಿಯೇ ಅದು ಸರ್ಕಾರವೆಂಬುದು ಬಿದ್ದ ಮೇಲೆ ತಿಳಿಯುತ್ತದೆ. ಸದ್ದಾಂ ಹೋದದ್ದು ಒಳ್ಳೆಯದಾಯಿತೆಂದು ಕುರ್ದರಲ್ಲಿ ಅನೇಕರು ಇಂದಿಗೂ ಹೇಳುತ್ತಾರೆ. ಅವರ ಮಾತನ್ನು ಅಲ್ಲಗಳೆಯುವ ಅಧಿಕಾರ ನನಗಿಲ್ಲ. ಆದರೆ ಆನಂತರದ ಹಿಂಸೆಯಲ್ಲಿ ಸತ್ತ ಲಕ್ಷಕ್ಕೂ ಮಿಗಿಲಾದ ನಾಗರಿಕರನ್ನು ಯಾರೂ ಕೇಳಿರಲಿಲ್ಲ, ಇನ್ನು ಕೇಳುವಂತೆಯೂ ಇಲ್ಲ.

ಪ್ರಶ್ನೆ: ಲಿಬಿಯಾದಲ್ಲಿ ಭದ್ರತಾ ಮಂಡಳಿಯ ಅನುಮತಿ ಇತ್ತಲ್ಲ? ಅಲ್ಲಿ ಆದದ್ದೇನು?

ಉತ್ತರ: ಅನುಮತಿ ಇದ್ದದ್ದು ನಾಗರಿಕರನ್ನು ರಕ್ಷಿಸಲು. 2011ರ ಮಾರ್ಚ್ 17ರ 1973ನೇ ನಿರ್ಣಯಕ್ಕೆ ಹತ್ತು ಮತಗಳು ಬಿದ್ದವು. ರಷ್ಯಾ, ಚೀನಾ, ಭಾರತ, ಬ್ರೆಜಿಲ್, ಜರ್ಮನಿ ತಟಸ್ಥವಾಗಿ ಉಳಿದವು. ಬಂಡುಕೋರರ ನಗರ ಬೆಂಗಾಜಿಯತ್ತ ಸಾಗುತ್ತಿದ್ದ ಸರ್ವಾಧಿಕಾರಿ ಗಡಾಫಿಯ ಪಡೆಗಳನ್ನು ಪಾಶ್ಚಾತ್ಯ ರಾಷ್ಟ್ರಗಳ ವಿಮಾನಗಳು ಎರಡೇ ದಿನಗಳಲ್ಲಿ ತಡೆದವು. ಅಲ್ಲಿಗೆ ನಿಲ್ಲಿಸಿ ಮಾತುಕತೆಗೆ ಕೂರಬಹುದಿತ್ತು. ಬದಲಿಗೆ ಬಾಂಬ್ ದಾಳಿ ಅಕ್ಟೋಬರಿನವರೆಗೆ, ಗಡಾಫಿ ಸಾಯುವವರೆಗೆ ನಡೆಯಿತು. 2014ರ ಹೊತ್ತಿಗೆ ಒಂದೇ ದೇಶದಲ್ಲಿ ಎರಡು ಸರ್ಕಾರಗಳಿದ್ದವು. ಈ ಅತಿಕ್ರಮದ ಬೆಲೆ ತೆತ್ತವರು ಲಿಬಿಯಾದವರಷ್ಟೇ ಅಲ್ಲ: ಸಿರಿಯಾದ ಕುರಿತ ನಿರ್ಣಯ 2011ರ ಅದೇ ಅಕ್ಟೋಬರಿನಲ್ಲಿ ಮಂಡಳಿಯ ಮುಂದೆ ಬಂದಾಗ ರಷ್ಯಾ ಮತ್ತು ಚೀನಾ ವೀಟೊ ಚಲಾಯಿಸಿದವು, ಲಿಬಿಯಾದ ಅನುಭವವನ್ನೇ ಮುಂದೆ ಮಾಡಿದವು. ಅವರ ಸ್ವಾರ್ಥ ಅದರಲ್ಲಿ ಇದ್ದೇ ಇತ್ತು. ಅದಕ್ಕೊಂದು ಸಬೂಬನ್ನು ಕೈಯಾರೆ ಕೊಟ್ಟಂತಾಯಿತು.

ಪ್ರಶ್ನೆ: 1971ರಲ್ಲಿ ಭಾರತ ಮಾಡಿದ್ದೂ ಇದೇ ಅಲ್ಲವೇ?

ಉತ್ತರ: ಅಲ್ಲ. ಭಾರತ ಇಸ್ಲಾಮಾಬಾದಿನ ಸರ್ಕಾರವನ್ನು ಇಳಿಸಲು ಹೋಗಲಿಲ್ಲ. ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದಿದ್ದರು, ಡಿಸೆಂಬರ್ 3ರಂದು ಪಾಕಿಸ್ತಾನದ ವಿಮಾನಗಳೇ ಭಾರತದ ವಾಯುನೆಲೆಗಳ ಮೇಲೆ ದಾಳಿ ನಡೆಸಿದ್ದವು. ಅದಕ್ಕಿಂತ ಮುಖ್ಯವಾಗಿ, ಅಧಿಕಾರ ವಹಿಸಿಕೊಳ್ಳಲು ಜನರೇ ಆರಿಸಿದ ನಾಯಕತ್ವ ಅಲ್ಲಿ ಸಿದ್ಧವಾಗಿತ್ತು: 1970ರ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ 162 ಸಾಮಾನ್ಯ ಸ್ಥಾನಗಳ ಪೈಕಿ 160ನ್ನು ಅವಾಮಿ ಲೀಗ್ ಗೆದ್ದಿತ್ತು. ಆದ್ದರಿಂದಲೇ 1972ರ ಮಾರ್ಚ್‌ನಲ್ಲಿ ಭಾರತೀಯ ಸೇನೆ ಹಿಂದಿರುಗಲು ಸಾಧ್ಯವಾಯಿತು. ಯುದ್ಧದ ಸಮರ್ಥನೆಯನ್ನು ಪರೀಕ್ಷಿಸುವಾಗ ನಾನು ಸೇನೆ ಒಳಹೊಕ್ಕ ದಿನಾಂಕದಷ್ಟೇ ಹೊರಬಂದ ದಿನಾಂಕವನ್ನೂ ನೋಡುತ್ತೇನೆ.

ಪ್ರಶ್ನೆ: ಹೊರಗಿನವರು ಬರದಿದ್ದರೆ ಸರ್ವಾಧಿಕಾರಿಗಳು ಬೀಳುವುದಾದರೂ ಹೇಗೆ? ಸೇನೆ, ಪೊಲೀಸ್ ಎಲ್ಲ ಅವರ ಕೈಯಲ್ಲಿರುವಾಗ ಬರಿಗೈಯ ಜನ ಏನು ಮಾಡಲು ಸಾಧ್ಯ?

ಉತ್ತರ: ಎಲ್ಲ ಕಡೆಯೂ ಬೀಳುತ್ತಾರೆಂದು ಭರವಸೆ ಕೊಡಲಾರೆ, ದಶಕಗಟ್ಟಲೆ ಬೀಳದೆ ಉಳಿದವರೂ ಇದ್ದಾರೆ. ಆದರೆ ಸರ್ಬಿಯಾದ ಉದಾಹರಣೆಯಲ್ಲಿ ಎರಡೂ ದಾರಿಗಳು ಒಬ್ಬನೇ ಮನುಷ್ಯನ ಮೇಲೆ, ಅಲ್ಲಿ ಅಧಿಕಾರ ಹಿಡಿದಿದ್ದ ಮಿಲೊಸೆವಿಚ್ ಮೇಲೆ, ಪ್ರಯೋಗವಾದವು. ಆಗ ಸರ್ಬಿಯಾದ ಭಾಗವಾಗಿದ್ದ ಕೊಸೊವೊದಲ್ಲಿನ ದೌರ್ಜನ್ಯಕ್ಕಾಗಿ ಪಾಶ್ಚಾತ್ಯ ರಾಷ್ಟ್ರಗಳ ಸೇನಾ ಒಕ್ಕೂಟವಾದ ನೇಟೊದ ಪಡೆಗಳು 1999ರಲ್ಲಿ 78 ದಿನ ಬಾಂಬ್ ಸುರಿದವು. ಮಿಲೊಸೆವಿಚ್ ಕೊಸೊವೊದಿಂದ ಸೇನೆಯನ್ನು ಹಿಂತೆಗೆದ, ಆದರೆ ರಾಜಧಾನಿ ಬೆಲ್‌ಗ್ರೇಡಿನ ಅಧಿಕಾರ ಬಿಡಲಿಲ್ಲ. ಮರುವರ್ಷ ಸೆಪ್ಟೆಂಬರಿನಲ್ಲಿ ಚುನಾವಣೆ ನಡೆದು, ಸೋಲನ್ನು ಒಪ್ಪಿಕೊಳ್ಳಲು ಆತ ನಿರಾಕರಿಸಿದಾಗ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. ಅಕ್ಟೋಬರ್ 5ರಂದು ನಾಡಿನ ಮೂಲೆಮೂಲೆಯಿಂದ ಜನ ರಾಜಧಾನಿಗೆ ಬಂದರು. ಒಬ್ಬಾತ ಮಣ್ಣು ತುಂಬುವ ಯಂತ್ರವನ್ನೇ ಓಡಿಸಿಕೊಂಡು ಬಂದು ಸರ್ಕಾರಿ ಟಿವಿ ಕಟ್ಟಡಕ್ಕೆ ನುಗ್ಗಿಸಿದ. ಗುಂಡು ಹಾರಿಸಬೇಕಿದ್ದ ಪೊಲೀಸರಲ್ಲಿ ಬಹುಪಾಲು ಜನ ಸುಮ್ಮನೆ ನಿಂತರು. ಬಾಂಬುಗಳು ಆತನನ್ನು ದುರ್ಬಲಗೊಳಿಸಿದ್ದವೆಂದು ವಾದಿಸುವವರಿದ್ದಾರೆ, ದೇಶಾಭಿಮಾನದ ಹೆಸರಿನಲ್ಲಿ ಆತನ ಆಯುಸ್ಸನ್ನು ಒಂದು ವರ್ಷ ಹೆಚ್ಚಿಸಿದವೆನ್ನುವವರೂ ಇದ್ದಾರೆ. ನಾನು ಎರಡನೆಯವರ ಕಡೆಗೆ ಸ್ವಲ್ಪ ವಾಲುತ್ತೇನೆ. 2001ರ ಜೂನ್‌ನಲ್ಲಿ ಆತನನ್ನು ಹೇಗ್‌ನ ನ್ಯಾಯಮಂಡಳಿಗೆ ಒಪ್ಪಿಸಿದ್ದು ಸರ್ಬಿಯಾದ ಹೊಸ ಸರ್ಕಾರವೇ.